ಪ್ರಶ್ನೆ ಮೊದಲು, ಪ್ರಶ್ನಾವಳಿ ಆಮೇಲೆ: ಸಮಾಜಶಾಸ್ತ್ರದಲ್ಲಿ ಸಂಶೋಧನಾ ವಿಧಾನ ಆರಿಸುವುದು ಹೇಗೆ

ಎಂ.ಎ. ಕಿರುಪ್ರಬಂಧವಿರಲಿ, ಪಿಎಚ್‌.ಡಿ. ಇರಲಿ, ಸಾರಲೇಖ (ಸಂಶೋಧನೆಯ ಯೋಜನಾಪತ್ರ) ಬರೆಯಲು ಕೂತವರು ಮೊದಲು ತುಂಬಿಸಿಬಿಡುವುದು ವಿಧಾನದ ಪುಟವನ್ನೇ. 120 ಮಾಹಿತಿದಾರರು, ಉದ್ದೇಶಪೂರ್ವಕ ಮಾದರಿ (ಸಂಶೋಧಕರೇ ಬೇಕೆಂದು ಆರಿಸಿಕೊಂಡ ಜನ), ಸಂದರ್ಶನ ಅನುಸೂಚಿ (ಕೇಳಬೇಕಾದ ಪ್ರಶ್ನೆಗಳ ಪಟ್ಟಿ), ಶೇಕಡಾವಾರು ಕೋಷ್ಟಕ, ಕೊನೆಗೊಂದು ಕೈ-ಸ್ಕ್ವೇರ್ ಪರೀಕ್ಷೆ (ಎರಡು ಸಂಗತಿಗಳ ನಂಟು ಬರೀ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಲೆಕ್ಕ). ಹೋದ ವರ್ಷದ ಪ್ರಬಂಧದಲ್ಲೂ ಇದೇ ಇತ್ತು, ಅದರ ಹಿಂದಿನದರಲ್ಲೂ ಇದೇ. ಎರಡು ತಿಂಗಳು ಬಿಸಿಲಲ್ಲಿ ಮನೆಮನೆ ಸುತ್ತಿ ಬಂದು ಕೋಷ್ಟಕ ಹಾಕುವಾಗ ಗೊತ್ತಾಗುತ್ತದೆ: ತಾನು ತಿಳಿಯಬೇಕೆಂದಿದ್ದ ಸಂಗತಿಗೆ ಈ ಉತ್ತರಗಳು ತಾಗುವುದೇ ಇಲ್ಲ. ಮತ್ತೆ ಊರಿಗೆ ಹೋಗಲು ಆಗ ಸಮಯವೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ.

ಪ್ರಶ್ನೆ ಯಾವ ಬಗೆಯ ಪುರಾವೆ ಬೇಡುತ್ತದೆ ಎಂಬುದು ಗೊತ್ತಾದರೆ ವಿಧಾನ ಮುಕ್ಕಾಲು ಪಾಲು ತಾನಾಗಿಯೇ ಗೊತ್ತಾಗುತ್ತದೆ. ಇದನ್ನು ಗಾಳಿಯಲ್ಲಿ ಹೇಳುವುದಕ್ಕಿಂತ ಒಂದೇ ವಿಷಯ ಹಿಡಿದು ಕೊನೆಯವರೆಗೆ ನೋಡೋಣ. ಸಾರಲೇಖಗಳಲ್ಲಿ ಈಗ ಹೆಚ್ಚಾಗಿ ಕಾಣುವ ಬಗೆಯ ಶೀರ್ಷಿಕೆ ಇದು: "ಮಹಿಳಾ ಸಬಲೀಕರಣದಲ್ಲಿ ಶಕ್ತಿ ಯೋಜನೆಯ ಪಾತ್ರ: ಒಂದು ಸಮಾಜಶಾಸ್ತ್ರೀಯ ಅಧ್ಯಯನ". 2023ರ ಜೂನ್ 11ರಿಂದ ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲ. ವಿಷಯ ಒಳ್ಳೆಯದೇ. ಆದರೆ ಈ ಶೀರ್ಷಿಕೆಯಲ್ಲಿ ಪ್ರಶ್ನೆಯೇ ಇಲ್ಲ.

ಶೀರ್ಷಿಕೆಯನ್ನು ಪ್ರಶ್ನೆಗಳಾಗಿ ಬಿಡಿಸಿ

ಒಂದು ಹಾಳೆ ತೆಗೆದುಕೊಂಡು, ಈ ವಿಷಯದಲ್ಲಿ ನಿಮಗೆ ನಿಜಕ್ಕೂ ತಿಳಿಯಬೇಕಾದದ್ದನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಬರೆಯಿರಿ. ಕನಿಷ್ಠ ಐದು ಪ್ರಶ್ನೆ ಹೊರಬರುತ್ತವೆ.

ಒಂದು ತಾಲ್ಲೂಕಿನ ಹಳ್ಳಿಗಳ ಹೆಂಗಸರು ವಾರಕ್ಕೆ ಎಷ್ಟು ಸಲ ಊರು ಬಿಟ್ಟು ಹೋಗಿಬರುತ್ತಾರೆ, ಯಾರು ಹೆಚ್ಚು, ಯಾರು ಕಡಿಮೆ? ಇದು ಎಣಿಕೆಯ ಪ್ರಶ್ನೆ, ಸಮೀಕ್ಷೆ ಬೇಕು. ಟಿಕೆಟ್ ದುಡ್ಡು ಕೇಳುವ ಅಗತ್ಯವೇ ಇಲ್ಲವಾದಾಗ ಮನೆಯೊಳಗೆ ಅಪ್ಪಣೆಯ ಮಾತು ಹೇಗೆ ಬದಲಾಗುತ್ತದೆ? ಇದು ಅರ್ಥದ ಪ್ರಶ್ನೆ, ಆಳವಾದ ಸಂದರ್ಶನ ಬೇಕು. ಬಸ್ಸಿನೊಳಗೆ ನಿರ್ವಾಹಕರು, ಗಂಡಸರು, ಹೆಂಗಸರ ನಡುವೆ ಏನು ನಡೆಯುತ್ತದೆ? ಇದು ನಡವಳಿಕೆಯ ಪ್ರಶ್ನೆ, ಕಣ್ಣಿಂದ ನೋಡಬೇಕು. ಈ ಯೋಜನೆಯಿಂದಲೇ ಹೆಚ್ಚು ಹೆಂಗಸರು ಕೂಲಿಗೆ, ಕೆಲಸಕ್ಕೆ ಹೊರಟರೇ? ಇದು ಕಾರಣದ ಪ್ರಶ್ನೆ, ಹೋಲಿಕೆ ಇಲ್ಲದೆ ಉತ್ತರವಿಲ್ಲ. ಪತ್ರಿಕೆಗಳು ಈ ಪ್ರಯಾಣಿಕರನ್ನು ಹೇಗೆ ಚಿತ್ರಿಸಿದವು? ಇದಕ್ಕೆ ಬರಹಗಳನ್ನು ವರ್ಗೀಕರಿಸಿ ಎಣಿಸುವ ವಿಷಯ ವಿಶ್ಲೇಷಣೆ.

ಐದರಲ್ಲಿ ಒಂದನ್ನು ಆರಿಸಿ. ಪಿಎಚ್‌.ಡಿ. ಆದರೆ ಒಂದಕ್ಕೊಂದು ಹೊಂದುವ ಎರಡು. ಐದಕ್ಕೂ ಒಂದೇ ಅನುಸೂಚಿಯಲ್ಲಿ 60 ಪ್ರಶ್ನೆ ತುರುಕುವುದೇ ನಮ್ಮಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ಐದೂ ಅರ್ಧಂಬರ್ಧ ಆಗುತ್ತವೆ.

ಆರಿಸಿದ್ದು ಸರಿಯೇ ಎಂದು ನೋಡಲು ಇನ್ನೊಂದು ಉಪಾಯವಿದೆ. ಕೊನೆಯ ಅಧ್ಯಾಯದಲ್ಲಿ ಬರೆಯಬೇಕೆಂದಿರುವ ವಾಕ್ಯವನ್ನು ಈಗಲೇ ಬರೆಯಿರಿ, ಅಂಕಿ ಇರುವಲ್ಲಿ ಖಾಲಿ ಬಿಡಿ: "ಊರಿಗೆ ಸರ್ಕಾರಿ ಬಸ್ಸು ಬರುವ ಕಡೆ ಶೇ. __ ಹೆಂಗಸರು, ಬಾರದ ಕಡೆ ಶೇ. __ ಹೆಂಗಸರು ಹಿಂದಿನ ವಾರ ಒಬ್ಬರೇ ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದರು." ಈ ಮಾತನ್ನು ಯಾರಾದರೂ ಸುಳ್ಳೆಂದು ತೋರಿಸಬೇಕಾದರೆ ಏನು ತೋರಿಸಬೇಕಾದೀತು ಎಂದು ಯೋಚಿಸಿ. ಅದು ತಿಳಿದರೆ ನೀವು ಸಂಗ್ರಹಿಸಬೇಕಾದ ದತ್ತಾಂಶವೂ ತಿಳಿದಂತೆ. ವಾಕ್ಯ ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ಹದವಾಗಿಲ್ಲ.

ಊರಿಗೆ ಹೋಗುವ ಮುನ್ನ, ಈಗಾಗಲೇ ಇರುವುದನ್ನು ನೋಡಿ

ಸರ್ಕಾರದ ಖರ್ಚಿನಲ್ಲಿ ಲಕ್ಷಾಂತರ ಮನೆಗಳಲ್ಲಿ ಕೇಳಿಬಂದ ಉತ್ತರಗಳು ಇರುವಾಗ ಅದನ್ನೇ 120 ಮನೆಯಲ್ಲಿ ಮತ್ತೆ ಕೇಳುವುದು ವ್ಯರ್ಥ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರದು, 6,36,699 ಮನೆಗಳದು. ಅದರಲ್ಲಿ ನಮಗೆ ನೇರ ಬೇಕಾದ ಪ್ರಶ್ನೆಯೇ ಇದೆ: ಮಾರುಕಟ್ಟೆಗೆ, ಆಸ್ಪತ್ರೆಗೆ, ಊರಿನಾಚೆಗೆ ಹೋಗಲು ನಿಮ್ಮನ್ನು ಒಬ್ಬರೇ ಬಿಡುತ್ತಾರೆಯೇ, ಯಾರಾದರೂ ಜೊತೆಗಿದ್ದರೆ ಮಾತ್ರವೇ, ಬಿಡುವುದೇ ಇಲ್ಲವೇ? ಕರ್ನಾಟಕದಲ್ಲಿ ಆ ಸುತ್ತು ನಡೆದದ್ದು 2019ರಲ್ಲಿ, ಅಂದರೆ ಶಕ್ತಿಗೂ ಕೋವಿಡ್‌ಗೂ ಮೊದಲು. ಆದರೆ ಈ ಪ್ರಶ್ನೆಯನ್ನು ಮಾದರಿಯ ಒಂದು ಭಾಗಕ್ಕೆ ಮಾತ್ರ ಕೇಳಿದ್ದರಿಂದ ಅದು ರಾಜ್ಯಮಟ್ಟದ ಅಂದಾಜಿಗಷ್ಟೇ ಒದಗುತ್ತದೆ, ಜಿಲ್ಲೆಗೆ ಇಳಿಸಬಾರದು.

ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಆಗಿದೆ. ಆರು ವರ್ಷ ದಾಟಿದ ಎಲ್ಲರೂ ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಿದರು ಎಂಬುದು ಅದರಲ್ಲಿದೆ. ಯೋಜನೆಯ ಹಿಂದೆ ಒಂದು, ಮುಂದೆ ಒಂದು! ಕೆಲಸಕ್ಕೆ ಸಂಬಂಧಿಸಿದ್ದಕ್ಕೆ 2017ರಿಂದ ನಡೆಯುತ್ತಿರುವ ಆವರ್ತಕ ಶ್ರಮಬಲ ಸಮೀಕ್ಷೆ. ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಈ ಎರಡರ ಮನೆವಾರು ದತ್ತಾಂಶ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡ ಮೇಲೆ ತೂಕಾಂಕಗಳನ್ನು (ಮಾದರಿಯ ಒಂದೊಂದು ಮನೆಯೂ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬ ಸಂಖ್ಯೆ) ಹಾಕಿಯೇ ಲೆಕ್ಕ ಮಾಡಬೇಕು. ತೂಕವಿಲ್ಲದೆ ತೆಗೆದ ಶೇಕಡಾವಾರು ಪ್ರಕಟಿತ ವರದಿಗೆ ಹೊಂದುವುದಿಲ್ಲ, ಆಗ ಎಲ್ಲೋ ತಪ್ಪಿದೆ ಎಂದು ಒಂದು ವಾರ ಹುಡುಕಾಡುವಿರಿ.

ಸಾರಿಗೆ ನಿಗಮಗಳು ಹೇಳುವ ಶೂನ್ಯ ಟಿಕೆಟ್ (ಉಚಿತವಾಗಿ ಹೋಗುವ ಹೆಂಗಸರಿಗೆ ಕೊಡುವ ಟಿಕೆಟ್) ಲೆಕ್ಕದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಆ ಸಂಖ್ಯೆ ಪ್ರಯಾಣಗಳದ್ದು, ಹೆಂಗಸರದ್ದಲ್ಲ. ಹಳ್ಳಿಯಿಂದ ತಾಲ್ಲೂಕಿಗೆ ಒಂದು ಬಸ್ಸು, ಅಲ್ಲಿಂದ ಜಿಲ್ಲೆಗೆ ಇನ್ನೊಂದು, ಸಂಜೆ ಹಾಗೇ ವಾಪಸ್ಸು: ಒಬ್ಬಾಕೆ, ಒಂದು ದಿನ, ನಾಲ್ಕು ಟಿಕೆಟ್. ಟಿಕೆಟ್ ಹೆಚ್ಚಾದರೆ ಹೊಸಬರು ಹೊರಟರೋ, ಹೋಗುತ್ತಿದ್ದವರೇ ಹೆಚ್ಚು ಸಲ ಹೋದರೋ, ಖಾಸಗಿ ಬಸ್ಸು, ಟೆಂಪೋ ಹತ್ತುತ್ತಿದ್ದವರು ಸರ್ಕಾರಿ ಬಸ್ಸಿಗೆ ಬಂದರೋ ಎಂದು ಆ ಅಂಕಿ ಹೇಳದು. ಮೂರೂ ಬೇರೆ ಬೇರೆ ಸಾಮಾಜಿಕ ಸಂಗತಿಗಳು.

ಸಮೀಕ್ಷೆಯನ್ನೇ ಆರಿಸಿದರೆ

120 ಎಂಬ ಸಂಖ್ಯೆಗೆ ಏನು ಬೆಲೆ ಎಂಬುದನ್ನು ಮೊದಲು ಲೆಕ್ಕ ಹಾಕಿ. ಯಾದೃಚ್ಛಿಕವಾಗಿ ಆರಿಸಿದ 120 ಜನರಲ್ಲಿ ಅರ್ಧ ಮಂದಿ "ಹೌದು" ಅಂದರೆ, ಶೇ. 95ರ ವಿಶ್ವಾಸ ಮಟ್ಟದಲ್ಲಿ, ಅಂದರೆ ಇಂಥ ನೂರು ಸಮೀಕ್ಷೆಗಳಲ್ಲಿ 95ರಲ್ಲಿ, ನಿಜವಾದ ಪ್ರಮಾಣ ಆಚೀಚೆ 9 ಶೇಕಡಾ ಅಂಶಗಳೊಳಗೆ ಇದ್ದೀತು. ಅಂದರೆ 41ರಿಂದ 59. ಅದೇ 120ನ್ನು ಭೂಮಿ ಇರುವ ಮನೆಯವರು 60, ಇಲ್ಲದವರು 60 ಎಂದು ಒಡೆದು ಹೋಲಿಸಿದರೆ, ಎರಡು ಗುಂಪುಗಳ ನಡುವಿನ ಅಂತರ ಸುಮಾರು 18 ಅಂಶ ದಾಟುವವರೆಗೆ ಅದು ನಿಜವೋ ಆಕಸ್ಮಿಕವೋ ಹೇಳಲಾಗದು. ಎಲ್ಲ ಕಡೆ ಕಾಣುವ 384 ಎಂಬ ಸಂಖ್ಯೆ ಬಂದದ್ದೂ ಇದೇ ಲೆಕ್ಕದಿಂದ: 1.96ರ ವರ್ಗವನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಆಚೀಚೆ 5 ಅಂಶ ಸಾಕು ಅನ್ನುವವರಿಗೆ ಅದು.

ಆದರೆ ಈ ಲೆಕ್ಕ ಇಡೀ ತಾಲ್ಲೂಕಿನಿಂದ ಒಬ್ಬೊಬ್ಬರನ್ನು ಚೀಟಿ ಎತ್ತಿದ ಹಾಗೆ ಆರಿಸಿದಾಗಿನದು. ನಾವು ಹಾಗೆ ಮಾಡುವುದಿಲ್ಲ, ಕೆಲವು ಹಳ್ಳಿ ಆರಿಸಿ ಅಲ್ಲೇ ಮನೆಗಳನ್ನು ಹಿಡಿಯುತ್ತೇವೆ. ಒಂದೇ ಹಳ್ಳಿಯವರು ಒಬ್ಬರಿಗೊಬ್ಬರು ಹೋಲುತ್ತಾರೆ, ಅದರಲ್ಲೂ ಬಸ್ಸಿನ ವಿಷಯದಲ್ಲಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಬಂದರೆ ಊರಿಗೆಲ್ಲ ಬಂತು, ಬರದಿದ್ದರೆ ಯಾರಿಗೂ ಇಲ್ಲ. ಆ ಹೋಲಿಕೆಯ ಪ್ರಮಾಣ (ಹೋಲಿಕೆಯೇ ಇಲ್ಲದಿದ್ದರೆ 0, ಊರಿನವರೆಲ್ಲ ಒಂದೇ ಥರ ಆದರೆ 1) 0.05 ಎಂದಿಟ್ಟುಕೊಂಡರೂ, 6 ಹಳ್ಳಿಗಳಲ್ಲಿ ತಲಾ 20 ಜನರನ್ನು ಕೇಳಿದಾಗ ನಿಮ್ಮ 120 ಕೆಲಸ ಮಾಡುವುದು ಚೀಟಿ ಎತ್ತಿ ಆರಿಸಿದ ಸುಮಾರು 61 ಜನರಷ್ಟು ಮಾತ್ರ. 12 ಹಳ್ಳಿಗಳಲ್ಲಿ ತಲಾ 10 ಜನರಾದರೆ ಸುಮಾರು 83ರಷ್ಟು. ಕೇಳುವ ಜನ ಅಷ್ಟೇ, ಬಸ್ ಚಾರ್ಜು ಸ್ವಲ್ಪ ಹೆಚ್ಚು, ಸಿಗುವ ಮಾಹಿತಿ ಮೂರನೇ ಒಂದು ಪಾಲಿನಷ್ಟು ಜಾಸ್ತಿ. ಹಳ್ಳಿ ಹೆಚ್ಚಿಸಿ, ಹಳ್ಳಿಯೊಳಗಿನ ಮನೆ ಕಡಿಮೆ ಮಾಡಿ.

ಯಾರನ್ನು ಕೇಳಬೇಕು ಎಂಬ ಪಟ್ಟಿಗೆ ಮತದಾರರ ಪಟ್ಟಿ ಸುಲಭ, ಆದರೆ ಈ ವಿಷಯಕ್ಕೆ ಅದು ಓರೆ. ಹದಿನೆಂಟು ತುಂಬದ ಕಾಲೇಜು ಹುಡುಗಿಯರು ಅದರಲ್ಲಿಲ್ಲ, ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೆಸರು ಎಷ್ಟೋ ಸಲ ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಅಂಗನವಾಡಿ ಕಾರ್ಯಕರ್ತೆಯರ ಕುಟುಂಬ ಸಮೀಕ್ಷೆಯ ಪುಸ್ತಕ ಇದಕ್ಕಿಂತ ಒಳ್ಳೆಯದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ಅನುಮಾನವಿದ್ದರೆ ಒಂದು ದಿನ ಬೀದಿಬೀದಿ ನಡೆದು ಮನೆಗಳ ಪಟ್ಟಿ ನೀವೇ ಮಾಡಿ. ಊರ ಹೊರಗಿನ ಕೇರಿ, ತೋಟದ ಮನೆಗಳು, ತಾಂಡಾ ಯಾವ ಪಟ್ಟಿಯಲ್ಲಾದರೂ ಬಿಟ್ಟುಹೋಗುವುದು ಹೆಚ್ಚು, ಅಲ್ಲಿಗೆ ಖಂಡಿತ ಹೋಗಿ. 240 ಮನೆ ಇದ್ದು 10 ಬೇಕಾದರೆ 24ಕ್ಕೊಂದು. ಆರಂಭದ ಮನೆಯನ್ನು 1ರಿಂದ 24ರೊಳಗೆ ಚೀಟಿ ಎತ್ತಿ ಆರಿಸಿ. ಮನೆಯಲ್ಲಿ ಮೂವರು ಹೆಂಗಸರಿದ್ದರೆ ಮುಂದೆ ಬಂದು ಮಾತಾಡುವ ಅತ್ತೆಯನ್ನೇ ಕೇಳಿಬಿಡಬೇಡಿ, ಅಲ್ಲೂ ಚೀಟಿ ಎತ್ತಿ.

ಇಡೀ ಸಮೀಕ್ಷೆ ಕೆಡುವುದು ಇನ್ನೊಂದು ಹಂತದಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಸಿಗುವವರು ವಯಸ್ಸಾದವರು, ಬಾಣಂತಿಯರು, ಹೊರಗೆ ದುಡಿಯದವರು. ಬಸ್ಸು ಹತ್ತಿ ಗಾರ್ಮೆಂಟ್ಸಿಗೋ ಮನೆಕೆಲಸಕ್ಕೋ ಹೋದಾಕೆ ಇರುವುದಿಲ್ಲ. ಬೀಗ ಕಂಡ ಮನೆ ಬಿಟ್ಟು ಪಕ್ಕದ ಮನೆ ಕೇಳಿದರೆ, ನೀವು ಅಳೆಯಬೇಕಾದ ಚಲನೆಯನ್ನೇ ಮಾದರಿಯಿಂದ ತೆಗೆದುಹಾಕಿದಂತೆ. ಒಂದೇ ಮನೆಗೆ ಮೂರು ಸಲ ಹೋಗಬೇಕು, ಅದರಲ್ಲಿ ಒಂದು ಸಂಜೆ ಏಳರ ಮೇಲೆ, ಒಂದು ಭಾನುವಾರ. ಸಿಗದವರೆಷ್ಟು ಎಂದು ಪ್ರಬಂಧದಲ್ಲಿ ಬರೆಯಿರಿ.

ಇದರ ತದ್ವಿರುದ್ಧ ತಪ್ಪು ಬಸ್ ನಿಲ್ದಾಣದಲ್ಲಿ ನಿಂತು ಕೇಳುವುದು. ತಿಂಗಳಿಗೆ 24 ದಿನ ಓಡಾಡುವಾಕೆ, ಒಂದೇ ದಿನ ಬರುವಾಕೆಗಿಂತ 24 ಪಟ್ಟು ಹೆಚ್ಚು ಅಲ್ಲಿ ಸಿಗುತ್ತಾಳೆ. ಊರು ಬಿಟ್ಟು ಹೊರಡದವಳು ಸಿಗುವುದೇ ಇಲ್ಲ. ನಿಲ್ದಾಣದ 120 ಮಂದಿಯಲ್ಲಿ ಶೇ. 80 ಜನ ನಿತ್ಯ ಪ್ರಯಾಣಿಕರು ಎಂದು ಬಂದರೆ ಅದರಿಂದ ಹಳ್ಳಿಯ ಬಗ್ಗೆ ಏನೂ ಹೇಳಲಾಗದು. ಬಸ್ಸಿನ ಅನುಭವ ಕೇಳಲು ನಿಲ್ದಾಣ ಸರಿ, ಹೆಂಗಸರ ಓಡಾಟ ಹೆಚ್ಚಾಯಿತೇ ಎಂದು ಅಳೆಯಲು ಅಲ್ಲ.

ಪ್ರಶ್ನೆಯ ಮಾತು

"ಶಕ್ತಿ ಯೋಜನೆಯಿಂದ ನಿಮ್ಮ ಸಬಲೀಕರಣವಾಗಿದೆಯೇ? ಹೌದು / ಇಲ್ಲ / ಸ್ವಲ್ಪ ಮಟ್ಟಿಗೆ." ಇಂಥ ಪ್ರಶ್ನೆಗೆ ಎಲ್ಲರೂ "ಹೌದು" ಅನ್ನುತ್ತಾರೆ. ಸಬಲೀಕರಣ ಅನ್ನುವುದು ಯಾರ ಮನೆಯ ಮಾತೂ ಅಲ್ಲ. ಬರೆದುಕೊಳ್ಳುತ್ತಿರುವವರು ಸರ್ಕಾರದ ಕಡೆಯವರಿರಬಹುದು, ಬೇಡ ಅಂದರೆ ನಿಲ್ಲಿಸಿಬಿಟ್ಟಾರು ಎಂಬ ಭಯವೂ ಇರುತ್ತದೆ. ಅದು ಸಹಜ ಭಯ.

ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. "ನಿನ್ನೆ ಊರು ಬಿಟ್ಟು ಎಲ್ಲಿಗಾದರೂ ಹೋಗಿದ್ರಾ? ಮೊನ್ನೆ?" ಹೀಗೆ ಏಳು ದಿನ ಹಿಂದಕ್ಕೆ. ಪ್ರತಿ ಪ್ರಯಾಣಕ್ಕೂ ಆರು ಕಾಲಂ: ಎಲ್ಲಿಗೆ, ಯಾತಕ್ಕೆ, ಯಾರ ಜೊತೆ, ಯಾವ ಬಸ್ಸು ಅಥವಾ ಗಾಡಿ, ಎಷ್ಟೊತ್ತಿಗೆ ವಾಪಸ್ಸು, ಹೋಗುವ ಮುಂಚೆ ಯಾರಿಗೆ ಏನಂದ್ರಿ. ಸಂತೆಯ ದಿನ, ಅಮಾವಾಸ್ಯೆ, ಹಬ್ಬ ಆ ವಾರದಲ್ಲಿ ಬಂದಿತ್ತೇ ಎಂದೂ ಗುರುತಿಸಿಕೊಳ್ಳಿ.

"ಫ್ರೀ ಬಸ್ ಬರೋ ಮುಂಚೆ ತಿಂಗಳಿಗೆ ಎಷ್ಟು ಸಲ ಹೋಗ್ತಿದ್ರಿ?" ಎಂಬುದಕ್ಕೆ ಬರುವ ಸಂಖ್ಯೆಯನ್ನು ನಂಬಲಾಗದು. ಹಿಂದಿನದು ನೆನಪಾಗುವುದು ಸಂಖ್ಯೆಯಾಗಿ ಅಲ್ಲ, ಹಬ್ಬವಾಗಿ, ಮದುವೆಯಾಗಿ, ಸಾವಾಗಿ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ, ಹಳೇ ಮೈಸೂರು ಕಡೆ ಗೌರಿ ಹಬ್ಬಕ್ಕೆ ತವರಿಗೆ ಹೋಗುವುದು ರೂಢಿ. ಆ ವರ್ಷ ಹೋಗಿದ್ದಿರಾ, ಯಾರು ಬಂದು ಕರೆದುಕೊಂಡು ಹೋದರು, ಎಷ್ಟು ದಿನ ಇದ್ದಿರಿ ಎಂದು ಕೇಳಿದರೆ ಗಟ್ಟಿ ಉತ್ತರ ಬರುತ್ತದೆ.

ಮಾತಿನ ಧ್ವನಿಯೂ ಮುಖ್ಯ. ಹೆಂಗಸರ ಎದುರು "ತಿರುಗಾಟ" ಎಂಬ ಪದ ಬಳಸಬೇಡಿ, ಅದರಲ್ಲಿ ಬೈಗುಳದ ನೆರಳಿದೆ. "ಹೋಗಿ ಬರೋದು" ಅನ್ನಿ. ಅನುಸೂಚಿಯನ್ನು ಆ ಊರಿನ ಮಾತಿನಲ್ಲೇ ಬರೆದು 10–15 ಜನರ ಮೇಲೆ ಪೂರ್ವಪರೀಕ್ಷೆ ಮಾಡಿ. ಪರೀಕ್ಷಿಸಿದವರನ್ನು ಅಂತಿಮ ಮಾದರಿಗೆ ಸೇರಿಸಬೇಡಿ. ಉತ್ತರ ಹೇಳಿದ ಮೇಲೆ "ನಾನು ಕೇಳಿದ್ದು ನಿಮಗೆ ಏನಂತ ಅರ್ಥವಾಯ್ತು?" ಎಂದು ವಿಚಾರಿಸುವುದೇ ಪೂರ್ವಪರೀಕ್ಷೆಯ ತಿರುಳು. 25 ನಿಮಿಷ ಮೀರಿದರೆ ಪ್ರಶ್ನೆ ಕಿತ್ತುಹಾಕಿ. ಒಲೆಯ ಮೇಲೆ ಅನ್ನ ಇಟ್ಟು ಬಂದವರು ಇಪ್ಪತ್ತನೇ ನಿಮಿಷದಿಂದ ಎಲ್ಲಕ್ಕೂ "ಹ್ಞೂಂ" ಅನ್ನತೊಡಗುತ್ತಾರೆ.

ಹೇಳಿ ಹೋಗುವುದು, ಕೇಳಿ ಹೋಗುವುದು

ಆಳವಾದ ಸಂದರ್ಶನ ಏಕೆ ಬೇಕು ಎಂಬುದಕ್ಕೆ ನಮ್ಮ ಭಾಷೆಯಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. "ಹೊರಗೆ ಹೋಗುವ ನಿರ್ಧಾರ ಯಾರದು?" ಎಂದು ಕೇಳಿದರೆ "ಇಬ್ಬರೂ ಸೇರಿ" ಎಂಬ ಉತ್ತರವೇ ಸಾಲುಸಾಲಾಗಿ ಬರುತ್ತದೆ. ಮರ್ಯಾದೆಯ ಉತ್ತರ ಅದು. ಅದೇ ಹಿಂದಿನ ಸಲ ಹೊರಟ ದಿನದ ಕಥೆಯನ್ನು ಬೆಳಗಿನಿಂದ ಹೇಳಿಸಿ. ಒಬ್ಬಾಕೆ "ಅವರಿಗೆ ಹೇಳಿ ಹೋದೆ" ಅಂದಾಳು, ಇನ್ನೊಬ್ಬಾಕೆ "ಕೇಳಿ ಹೋದೆ" ಅಂದಾಳು. ಹೇಳುವುದಕ್ಕೂ ಕೇಳುವುದಕ್ಕೂ ನಡುವೆ ಇಡೀ ಸಂಸಾರದ ಅಧಿಕಾರ ಹಂಚಿಕೆಯಿದೆ. ಗಂಡನಿಗೆ ಹೇಳಿ, ಅತ್ತೆಯನ್ನು ಕೇಳಿ ಹೋಗುವವರಿದ್ದಾರೆ. ತವರಿಗಾದರೆ ಕೇಳಿ, ಆಸ್ಪತ್ರೆಗಾದರೆ ಹೇಳಿ ಹೋಗುವವರಿದ್ದಾರೆ. ಬಸ್ ಚಾರ್ಜಿಗೆ ಕೈಚಾಚಬೇಕಾಗಿದ್ದಾಗ ಹೊರಡುವ ಮಾತೂ ಕೇಳುವ ಮಾತಾಗಿಯೇ ಬರುತ್ತಿತ್ತೇ, ಈಗ ಅದು ಹೇಳುವ ಮಾತಾಗಿದೆಯೇ ಎಂಬುದು ನಿಜವಾದ ಸಮಾಜಶಾಸ್ತ್ರದ ಪ್ರಶ್ನೆ. ಇಂಥ ಪದ ಕಚೇರಿಯಲ್ಲಿ ಕೂತು ಹೊಳೆಯುವುದಲ್ಲ, ಸಂದರ್ಶನದಲ್ಲಿ ಕಿವಿಗೆ ಬೀಳಬೇಕು. ಬಿದ್ದ ಮೇಲೆ ಅದನ್ನೇ ಸಮೀಕ್ಷೆಯ ಪ್ರಶ್ನೆಯಾಗಿಸಬಹುದು. ಎರಡು ವಿಧಾನ ಸೇರಿಸುವುದಾದರೆ ಈ ಕ್ರಮವೇ ವಾಸಿ: ಮೊದಲು 8–10 ಸಂದರ್ಶನ, ಅದರಿಂದ ಅನುಸೂಚಿ, ಸಮೀಕ್ಷೆ, ಕೊನೆಗೆ ಸಮೀಕ್ಷೆಯಲ್ಲಿ ಅರ್ಥವಾಗದ ಉತ್ತರ ಕೊಟ್ಟವರ ಬಳಿ ಮತ್ತೊಮ್ಮೆ.

ಎಷ್ಟು ಸಂದರ್ಶನ ಸಾಕು? ಆಫ್ರಿಕದ ಘಾನಾ, ನೈಜೀರಿಯಗಳ 60 ಸಂದರ್ಶನಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ 12ರೊಳಗೇ ಮುಖ್ಯ ಅಂಶಗಳೆಲ್ಲ ಬಂದುಬಿಟ್ಟಿದ್ದವು. ಆದರೆ ಅಲ್ಲಿ ಮಾತಾಡಿಸಿದ್ದು ಬಹುಮಟ್ಟಿಗೆ ಒಂದೇ ಬಗೆಯ ಜನರನ್ನು. ನಮ್ಮ ವಿಷಯದಲ್ಲಿ ಜಾತಿ, ಭೂಮಿ, ವಯಸ್ಸು, ಸೊಸೆಯೋ ಅತ್ತೆಯೋ ಎಂಬುದೆಲ್ಲ ಉತ್ತರವನ್ನು ಬದಲಿಸುತ್ತವೆ. 25ರಿಂದ 30 ಇಟ್ಟುಕೊಳ್ಳಿ, ಪ್ರತಿ ಬಗೆಯಲ್ಲೂ ಆರೇಳು ಜನ ಇರುವಂತೆ ಆರಿಸಿ.

ಸಮಯದ ಲೆಕ್ಕ ಇಲ್ಲಿ ಎಲ್ಲರಿಗೂ ತಪ್ಪುತ್ತದೆ. ಒಂದು ಗಂಟೆಯ ಧ್ವನಿಮುದ್ರಣ ಅಕ್ಷರಕ್ಕಿಳಿಸಲು ಐದಾರು ಗಂಟೆ ಬೇಕು. 25 ಸಂದರ್ಶನ, ತಲಾ ಒಂದೂಕಾಲು ಗಂಟೆ ಎಂದರೆ ಸುಮಾರು 31 ಗಂಟೆಯ ಮಾತು, 190 ಗಂಟೆಯಷ್ಟು ಬರವಣಿಗೆ. ದಿನಕ್ಕೆ ಆರು ಗಂಟೆ ಕೂತರೂ ಒಂದು ತಿಂಗಳು. ಬರೆಯುವಾಗ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. "ಹೋಗ್ಗೊಡಂಗಿಲ್ಲ" ಎಂಬುದನ್ನು "ಹೋಗಲು ಅನುಮತಿಸುವುದಿಲ್ಲ" ಎಂದು ಬರೆದರೆ ವಿಶ್ಲೇಷಣೆಗೆ ಉಳಿಯುವುದು ನಿಮ್ಮ ಮಾತು, ಆಕೆಯದಲ್ಲ.

ಜಾಗ ಆಕೆ ಹೇಳಿದ್ದೇ ಆಗಲಿ. ನಡುಮನೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರೆ ಅತ್ತೆಗೆ ಕೇಳಿಸಬಹುದಾದಷ್ಟೇ ಉತ್ತರ ಬರುತ್ತದೆ. ಹೊಲದ ಬದು, ಅಂಗನವಾಡಿಯ ಜಗಲಿ, ಬಟ್ಟೆ ಒಗೆಯುವ ಕಟ್ಟೆ ವಾಸಿ. ಸಂಶೋಧಕರು ಗಂಡಸರಾದರೆ ಈ ಪ್ರಶ್ನೆಗೆ ಹೆಣ್ಣುಮಗಳೊಬ್ಬರು ಸಂದರ್ಶಕಿಯಾಗಿ ಜೊತೆಗಿರಲೇಬೇಕು. ಕಾಗದಕ್ಕೆ ಹೆಬ್ಬೆಟ್ಟು, ಸಹಿ ಕೇಳಿದರೆ ಸಾಲಪತ್ರದ ನೆನಪಾಗಿ ಜನ ಹಿಂಜರಿಯುತ್ತಾರೆ. ಉದ್ದೇಶ ವಿವರಿಸಿ, ಬೇಡವೆನಿಸಿದಾಗ ನಿಲ್ಲಿಸಬಹುದು ಎಂದು ತಿಳಿಸಿ, ಬಾಯಿಮಾತಿನ ಒಪ್ಪಿಗೆಯನ್ನು ಮುದ್ರಿಸಿಕೊಳ್ಳಲು ನೈತಿಕ ಸಮಿತಿಯಿಂದ ಮೊದಲೇ ಅನುಮತಿ ಪಡೆದಿರಿ.

ಗುಂಪು ಚರ್ಚೆ ಅಗ್ಗವೆಂದು ಅದನ್ನೇ ಸಂದರ್ಶನದ ಬದಲು ಇಡಬೇಡಿ. ಆರರಿಂದ ಎಂಟು ಮಂದಿಯ ಗುಂಪಿನಲ್ಲಿ ಸಿಗುವುದು ಊರಿನ ಒಪ್ಪಿತ ಅಭಿಪ್ರಾಯ, ಮನೆಯೊಳಗಿನ ಜಗಳವಲ್ಲ. ಹೊಲದೊಡತಿಯನ್ನೂ ಅವಳ ಹೊಲಕ್ಕೆ ಕೂಲಿಗೆ ಬರುವವಳನ್ನೂ ಒಂದೇ ಗುಂಪಿನಲ್ಲಿ ಕೂರಿಸಿದರೆ ಒಬ್ಬಳೇ ಮಾತಾಡುತ್ತಾಳೆ.

ಕಣ್ಣಿಂದ ನೋಡಬೇಕಾದದ್ದು

ಜನ ಹೇಳುವುದು ಬೇರೆ, ಮಾಡುವುದು ಬೇರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಡನೆ ಆ ದೇಶ ಸುತ್ತಿ 251 ಹೋಟೆಲು, ವಸತಿಗೃಹಗಳಿಗೆ ಹೋದರು. ಒಳಗೆ ಬಿಡದಿದ್ದದ್ದು ಒಂದೇ ಕಡೆ. ಆಮೇಲೆ ಅಲ್ಲಿಗೆಲ್ಲ ಪತ್ರ ಬರೆದು "ಚೀನೀಯರಿಗೆ ಜಾಗ ಕೊಡುವಿರಾ?" ಎಂದು ಕೇಳಿದಾಗ ಉತ್ತರಿಸಿದ 128ರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲವೆಂದರು. 1934ರಲ್ಲಿ ಪ್ರಕಟವಾದ ಈ ಕೆಲಸದಲ್ಲೂ ದೋಷಗಳಿವೆ. ಪತ್ರಕ್ಕೆ ಉತ್ತರಿಸಿದವರೇ ಬಾಗಿಲಲ್ಲಿ ಎದುರಾಗಿದ್ದವರು ಎನ್ನಲು ಆಧಾರವಿಲ್ಲ. ಆದರೂ ಪ್ರಶ್ನಾವಳಿಯಿಂದ ನಡವಳಿಕೆಯನ್ನು ಊಹಿಸಬಾರದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರು ಕಡಿಮೆ.

ಬಸ್ಸಿನ ಅವಲೋಕನಕ್ಕೆ ಮೂರು ಮಾರ್ಗ ಆರಿಸಿ. ಪ್ರತಿ ಮಾರ್ಗದಲ್ಲೂ ಬೆಳಗಿನ ಕಾಲೇಜು ಹೊತ್ತು, ಮಧ್ಯಾಹ್ನ, ಕೊನೆಯ ಬಸ್ಸು. ವಾರದ ದಿನ ಒಮ್ಮೆ, ಸಂತೆಯ ದಿನ ಒಮ್ಮೆ. ಅಲ್ಲಿಗೆ 18 ಪ್ರಯಾಣ. ಒಂದು ಪುಟದ ನಮೂನೆಯಲ್ಲಿ ತಲೆ ಎಣಿಕೆ: ಹೆಣ್ಣೆಷ್ಟು, ಗಂಡೆಷ್ಟು, ನಿಂತವರೆಷ್ಟು, ಗುರುತಿನ ಚೀಟಿ ತೋರಿಸಲು ಹೇಳಿದ್ದು ಯಾರಿಗೆ, ಯಾರಿಗೆ ಹೇಳಲಿಲ್ಲ, ಕೈ ಅಡ್ಡ ಹಾಕಿದಲ್ಲಿ ಬಸ್ಸು ನಿಂತಿತೇ. ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆಯಿರಿ. "ನಿರ್ವಾಹಕರು ಒರಟಾಗಿದ್ದರು" ಎಂಬುದು ಅವಲೋಕನವಲ್ಲ, ತೀರ್ಪು. ಒಂದು ಗಂಟೆ ನೋಡಿದ್ದಕ್ಕೆ ಎರಡು ಮೂರು ಗಂಟೆ ಟಿಪ್ಪಣಿ, ಅದೂ ಅದೇ ರಾತ್ರಿ. ಮರುದಿನಕ್ಕೆ ಬಿಟ್ಟರೆ ಉಳಿಯುವುದು ವಿಶೇಷ ಘಟನೆ ಮಾತ್ರ, ನಿತ್ಯದ್ದು ಮರೆತಿರುತ್ತದೆ. ನಮಗೆ ಬೇಕಿರುವುದು ನಿತ್ಯದ್ದು.

"ಇದರಿಂದಲೇ ಆಯಿತೇ?"

ಕಾರಣದ ಪ್ರಶ್ನೆ ಎಲ್ಲಕ್ಕಿಂತ ಕಷ್ಟ. ಒಂದೇ ಊರಿನಲ್ಲಿ "ಮೊದಲು–ಈಗ" ಎಂದು ಕೇಳಿ ಬದಲಾವಣೆ ಕಂಡರೂ ಶಕ್ತಿಗೆ ಅದರ ಯಶಸ್ಸು ಹಚ್ಚಲಾಗದು. 2023ರ ಆಗಸ್ಟ್‌ನಲ್ಲೇ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಬಂತು. ಆಕೆ ಹೊರಟದ್ದು ಬಸ್ಸು ಉಚಿತವಾದ್ದಕ್ಕೋ, ಕೈಯಲ್ಲಿ ದುಡ್ಡು ಬಂದದ್ದಕ್ಕೋ?

ದಾರಿ ಎಂದರೆ ಹೋಲಿಕೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954–56ರಲ್ಲಿ ಮಂಡ್ಯದ ಎರಡು ಹಳ್ಳಿಗಳನ್ನು ಆರಿಸಿದ ರೀತಿ ಈಗಲೂ ಪಾಠ. ಬದಲಿ ಹೆಸರಿನಲ್ಲಿ ಒಂದು ವಂಗಲ, ನಾಲೆ ನೀರು ಹರಿದದ್ದು. ಇನ್ನೊಂದು ದಲೇನ, ನೀರು ಏರದೆ ಒಣಗಿಯೇ ಉಳಿದದ್ದು. ಸುತ್ತಲಿನ ಸೀಮೆ, ಜನ ಒಂದೇ ಬಗೆ. ನೀರು ಬಂದ ಕಡೆ ವ್ಯವಸಾಯ ಹಿಗ್ಗಿದರೂ ಹಳೆಯ ಸಂಬಂಧಗಳು ಉಳಿದವು. ಒಣ ಊರಿನವರು ಹೊರಗಿನ ದುಡಿಮೆಗೆ ಕೈಹಾಕಿದ್ದರಿಂದ ಅಲ್ಲೇ ಹೆಚ್ಚು ಸಾಮಾಜಿಕ ಬದಲಾವಣೆ ಕಂಡಿತು. ಒಂದೇ ಹಳ್ಳಿ ನೋಡಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ.

ನಮ್ಮ ಪ್ರಶ್ನೆಗೆ ದಕ್ಷಿಣ ಕನ್ನಡ, ಉಡುಪಿ ಅನುಕೂಲವಾದ ಜಾಗ, ಯಾಕೆಂದರೆ ಅಲ್ಲಿ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ಇಲ್ಲ. ಗೃಹಲಕ್ಷ್ಮಿ ಎರಡೂ ಕಡೆ ಇದೆ. ಸರ್ಕಾರಿ ಬಸ್ಸಿರುವ ಊರು, ಖಾಸಗಿ ಮಾತ್ರ ಇರುವ ಊರು ಜೋಡಿ ಮಾಡಿ. ಜೋಡಿಯಲ್ಲಿ ತಾಲ್ಲೂಕು ಕೇಂದ್ರಕ್ಕಿರುವ ದೂರ, ಜನಸಂಖ್ಯೆ, ಪಿಯು ಕಾಲೇಜು, ಕೆಲಸದ ಬಗೆ ಹೊಂದಬೇಕು. ಎರಡೇ ಊರಾದರೆ ಕಂಡ ಅಂತರ ಯಾವ ಕಾರಣಕ್ಕೆ ಎಂದು ಹೇಳಲಾಗದು, ಆರೆಂಟು ಜೋಡಿಯಾದರೂ ಇರಲಿ. ಹಿಂದಿನ ಸ್ಥಿತಿಗೆ ನೆನಪಿಗಿಂತ ದಾಖಲೆ ವಾಸಿ: ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕದಲ್ಲಿ ಹೆಣ್ಣು–ಗಂಡು, ಊರು, ದಿನಾಂಕ ಇರುತ್ತವೆ, ಪದವಿ ಕಾಲೇಜಿನ ಹಾಜರಿಯಲ್ಲಿ ಊರುವಾರು ಲೆಕ್ಕ ತೆಗೆಯಬಹುದು. 2022, 2023, 2024ರ ಒಂದೇ ತಿಂಗಳುಗಳನ್ನು ಎರಡೂ ಬಗೆಯ ಊರಿಗೆ ಎಣಿಸಿ, ಒಂದು ಕಡೆಯ ಏರಿಕೆಯಿಂದ ಇನ್ನೊಂದು ಕಡೆಯ ಏರಿಕೆ ಕಳೆಯಿರಿ. ಅನುಮತಿ ಪತ್ರಕ್ಕೆ ಒಂದೂವರೆ ತಿಂಗಳು ಹಿಡಿಯಬಹುದು, ಮೊದಲೇ ಅರ್ಜಿ ಹಾಕಿ. ರೋಗಿಗಳ ಹೆಸರು ನಕಲು ಮಾಡಿಕೊಳ್ಳಬೇಡಿ.

ಪತ್ರಿಕೆಗಳ ಪ್ರಶ್ನೆ ಆರಿಸಿದವರಿಗೆ ಎರಡೇ ಮಾತು: ಅವಧಿಯನ್ನು ಮೊದಲೇ ಗೆರೆ ಹಾಕಿ ನಿಲ್ಲಿಸಿ, ಶೇ. 10–20ರಷ್ಟು ಬರಹಗಳನ್ನು ಇಬ್ಬರು ಬೇರೆ ಬೇರೆಯಾಗಿ ವರ್ಗೀಕರಿಸಿ ಎಷ್ಟು ಹೊಂದಿತೆಂದು ತೋರಿಸಿ.

ಖಾಲಿ ಕೋಷ್ಟಕ

ಊರಿಗೆ ಹೊರಡುವ ಹಿಂದಿನ ವಾರ, ಪ್ರಬಂಧದಲ್ಲಿ ಬರುವ ಕೋಷ್ಟಕಗಳನ್ನೆಲ್ಲ ಅಂಕಿಯಿಲ್ಲದೆ ಬರೆಯಿರಿ. ಯಾವ ಕೋಷ್ಟಕಕ್ಕೂ ಸೇರದ ಪ್ರಶ್ನೆ ಅನುಸೂಚಿಯಿಂದ ಹೋಗಲಿ. ಪ್ರಶ್ನೆಯಿಲ್ಲದ ಕೋಷ್ಟಕ ಇದ್ದರೆ ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು. ಕೋಣೆಗಳನ್ನೂ ಎಣಿಸಿ: ವಿದ್ಯಾಭ್ಯಾಸ ಆರು ಹಂತ, ಉತ್ತರ ಐದು ಹಂತ ಎಂದರೆ 30 ಕೋಣೆ, 120 ಜನರನ್ನು ಹಂಚಿದರೆ ಕೋಣೆಗೆ ಸರಾಸರಿ ನಾಲ್ಕು. ಕೈ-ಸ್ಕ್ವೇರ್ ಪರೀಕ್ಷೆಗೆ ನಿರೀಕ್ಷಿತ ಸಂಖ್ಯೆ ಬಹುತೇಕ ಕೋಣೆಗಳಲ್ಲಿ ಐದಾದರೂ ಇರಬೇಕು. ಹಂತಗಳನ್ನು ಮೊದಲೇ ಕೂಡಿಸಿ ಮೂರಕ್ಕಿಳಿಸಿ. ಉದ್ದೇಶಪೂರ್ವಕ ಮಾದರಿಯಾದರೆ ಆ ಪರೀಕ್ಷೆಯನ್ನೇ ಬಿಡಿ. ಚೀಟಿ ಎತ್ತದೆ ಆರಿಸಿದ ಜನರಿಂದ ಇಡೀ ತಾಲ್ಲೂಕಿನ ಬಗ್ಗೆ ಹೇಳಲು ಅದು ಪರವಾನಗಿ ಕೊಡದು.

ಆರು ತಿಂಗಳಿದ್ದರೆ ಹೀಗೆ ಹಂಚಬಹುದು: ಪ್ರಶ್ನೆ ಹದ ಮಾಡಲು, ಇರುವ ದತ್ತಾಂಶ ನೋಡಲು ಐದು ವಾರ, ಅನುಮತಿ ಮತ್ತು ಪೂರ್ವಪರೀಕ್ಷೆಗೆ ನಾಲ್ಕು, ಕ್ಷೇತ್ರಕಾರ್ಯಕ್ಕೆ ಆರು, ಅಕ್ಷರಕ್ಕಿಳಿಸಲು, ವಿಶ್ಲೇಷಿಸಲು ಆರು, ಬರೆಯಲು ಐದು. ಬಿತ್ತನೆ, ಕೊಯ್ಲಿನ ವಾರಗಳಿಗೆ ಕ್ಷೇತ್ರಕಾರ್ಯ ಇಟ್ಟುಕೊಂಡರೆ ಯಾರೂ ಸಿಗುವುದಿಲ್ಲ.

ಟಿಪ್ಪಣಿಗಳನ್ನು ಕಾಪಾಡುವುದೂ ವಿಧಾನದ ಭಾಗವೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿದ್ದು ಬರೆದ ಕ್ಷೇತ್ರ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಸಂಸ್ಕರಿಸಿದ್ದರು. ಅದರ ಮೂರು ಪ್ರತಿಗಳಿದ್ದವು, ಮೂರೂ ಒಂದೇ ಕಟ್ಟಡದಲ್ಲಿ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿದ್ದು ಮೂರೂ ಸುಟ್ಟವು. ಪ್ರತಿ ರಾತ್ರಿ ಧ್ವನಿಕಡತವನ್ನು ಫೋನಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಬೇರೆ ಮನೆಯಲ್ಲಿಡುವ ಪೆನ್‌ಡ್ರೈವಿಗೆ ಹಾಕಿ. ಪುಸ್ತಕದ ಟಿಪ್ಪಣಿಗೆ ಫೋಟೋ ತೆಗೆಯಿರಿ. ಹೆಸರು–ಸಂಕೇತಗಳ ಪಟ್ಟಿಯನ್ನು ಮಾತ್ರ ಇವುಗಳ ಜೊತೆ ಇಡದೆ, ಪ್ರತ್ಯೇಕ ಕಡತದಲ್ಲಿ ಗುಪ್ತಪದ ಹಾಕಿ ಇಡಿ.